ಕಪ್ಪಾಗದ ಪರದೆ

ಮಾರ್ಚ್ ೩, ಸೋಮವಾರ

ಮಗು ನಿನ್ನೆ ಹುಟ್ಟಿತು. ಇನ್ನೂ ಎರಡು ತಿಂಗಳು ಹೊಟ್ಟೆಯಲ್ಲೇ ಇರಬೇಕಾಗಿದ್ದ ಹೆಣ್ಣು ಕೂಸು. ಬಟ್ಟೆ ಹೊಲಿದು ಬದುಕಿದವಳು ನಾನು, ಕಣ್ಣಲ್ಲೇ ಅಳತೆ ತೆಗೆಯುತ್ತೇನೆ. ಈ ಅಳತೆಗೆ ಗೊಂಬೆಗೂ ಅಂಗಿ ಹೊಲಿದಿಲ್ಲ.

ಮಗಳು ಎರಡನೇ ಮಹಡಿಯಲ್ಲಿದ್ದಾಳೆ. ಹೊಟ್ಟೆ ಕೊಯ್ದು ತೆಗೆದಿದ್ದಾರೆ, ಏಳುವ ಹಾಗಿಲ್ಲ. ಮಗು ಕೆಳಗೆ ಎಳೆಗೂಸುಗಳ ವಾರ್ಡಿನಲ್ಲಿ, ಗಾಜಿನ ಪೆಟ್ಟಿಗೆಯೊಳಗೆ. ಇಬ್ಬರ ನಡುವೆ ಮೆಟ್ಟಿಲು ಹತ್ತಿ ಇಳಿಯುವವಳು ನಾನೊಬ್ಬಳೇ. ಅಳಿಯ ಹಡಗಿನಲ್ಲಿ ಅಡುಗೆಯವನು. ನೀರಿನ ನಡುವಿನಿಂದ ಫೋನ್ ಮಾಡಿದ್ದ. "ಅತ್ತೆ, ಅತ್ತೆ" ಎಂದು ಎರಡು ಸಲ ಕೂಗಿದ, ಲೈನ್ ಹೋಯಿತು.

ವಾರ್ಡಿನೊಳಗೆ ನಮ್ಮನ್ನು ಬಿಡುವುದಿಲ್ಲ. ಹೊರಗೆ ಒಂದು ಬೆಂಚು, ಎದುರಿಗೆ ಸಿಸ್ಟರುಗಳ ಕೋಣೆಯ ಗಾಜಿನ ಗೋಡೆ. ಗಾಜಿನ ಆಚೆ ದೊಡ್ಡದೊಂದು ಸ್ಕ್ರೀನ್ ನೇತುಹಾಕಿದ್ದಾರೆ. ಅದರಲ್ಲಿ ಆರು ಮನೆಗಳು, ಪೆಟ್ಟಿಗೆಗೊಂದು. ಮಗುವಿನ ಕಾಲಿಗೆ ಕಟ್ಟಿದ ಪಟ್ಟಿ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ನೋಡಿ ಅಲ್ಲಿಗೆ ಕಳಿಸುತ್ತದಂತೆ. ನಮ್ಮದು ನಾಲ್ಕನೇ ಮನೆ. ಹಸಿರು ಬಣ್ಣದಲ್ಲಿ ತೊಂಬತ್ತಾರು. "ತೊಂಬತ್ತರ ಮೇಲಿದ್ರೆ ಚಿಂತೆ ಇಲ್ಲ ಅಜ್ಜಿ" ಎಂದರು ದೊಡ್ಡ ಸಿಸ್ಟರ್. ಐವತ್ತಕ್ಕೇ ಅಜ್ಜಿಯಾದೆ. ಆಗಲಿ.

ಈ ಸ್ಕ್ರೀನಿನ ಪ್ರೋಗ್ರಾಂ ಬರೆದದ್ದು ನನ್ನ ಮಗಳೇ. ಅವಳ ಆಫೀಸಿನವರು ಆಸ್ಪತ್ರೆಗೆ ಮಾಡಿಕೊಟ್ಟದ್ದು. ಬಾಗಿಲಲ್ಲಿ ಕೂರುವ ಮೀಸೆಯವನಿಗೆ ಹೇಳಿಬಿಟ್ಟೆ, ತಡೆಯಲಾಗಲಿಲ್ಲ. "ಹೌದೇನಮ್ಮಾ! ಆದ್ರೂ ಪಾಸ್ ತೋರಿಸ್ಬೇಕು" ಎಂದ.

ಮೇಲೆ ಹೋಗಿ ಮಗಳಿಗೆ, "ತೊಂಬತ್ತಾರು ಇದೆ ಕಣೇ. ನೀನು ಮಾಡಿದ್ದು ನಿನ್ನ ಮಗೂನೇ ಕಾಯ್ತಿದೆ" ಎಂದೆ. ನಗುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಇಷ್ಟೇ: "ಆ ನಂಬರ್ ಬದಲಾಗ್ತಾ ಇತ್ತಾ ಅಮ್ಮ?"

ಯಾಕೆ ಕೇಳಿದಳೋ. ಕೆಟ್ಟದ್ದನ್ನು ಕಾಗದದ ಮೇಲೆ ಇಟ್ಟರೆ ಅದಕ್ಕೆ ಕಾಲು ಬಂದುಬಿಡುತ್ತದೆ, ಬರೆಯುವುದಿಲ್ಲ. ದೇವರಿದ್ದಾನೆ. ಏನೂ ಆಗುವುದಿಲ್ಲ.

ಮಾರ್ಚ್ ೪, ಮಂಗಳವಾರ

ಬದಲಾಗುತ್ತದೆ. ಬೆಳಿಗ್ಗೆಯಿಂದ ನೋಡಿದ್ದೇನೆ. ತೊಂಬತ್ತೈದು, ತೊಂಬತ್ತೇಳು, ಮತ್ತೆ ತೊಂಬತ್ತೈದು. ಕಾದ ಬಾಣಲೆಯ ಮೇಲಿನ ನೀರಹನಿಯ ಹಾಗೆ ಒಂದು ಕಡೆ ನಿಲ್ಲುವುದಿಲ್ಲ.

ಬೆಂಚಿನಲ್ಲಿ ನನ್ನ ಪಕ್ಕ ಕೂರುವವಳು ಅವಳಿ ಮಕ್ಕಳ ತಾಯಿ. ಅವಳ ಗಂಡ ಮನೆಗಳಿಗೆ ಬಣ್ಣ ಬಳಿಯುವವನು, ಕೈಯ ಗೆರೆಗಳಲ್ಲೆಲ್ಲ ಬಿಳಿ ಬಣ್ಣ ಕೂತಿದೆ. ಒಂದನೇ ಮನೆ, ಎರಡನೇ ಮನೆ ಇವರವು. ಇಲ್ಲಿಗೆ ಬಂದು ತುಂಬಾ ದಿನವಾಗಿದೆಯಂತೆ, ಎಲ್ಲ ಗೊತ್ತು ಅವಳಿಗೆ.

"ಮೊದ್ಲು ಒಂದೊಂದು ಪೆಟ್ಟಿಗೆಗೂ ಅದರದ್ದೇ ಗಂಟೆ ಇತ್ತಮ್ಮ. ಒಂದು ಕೂಗಿದ್ರೆ ಆರೂ ಮಕ್ಕಳು ಬೆಚ್ಚಿಬಿದ್ದು ಅಳೋವು. ಈ ಸ್ಕ್ರೀನ್ ಬಂದಮೇಲೆ ಅದರ ಸದ್ದು ತಗ್ಗಿಸಿಬಿಟ್ಟಿದ್ದಾರೆ. ನಿಮ್ಮ ಮಗಳೇ ಮಾಡಿದ್ದಂತಲ್ಲ? ಮೀಸೆ ಹೇಳ್ದ."

"ಹೌದು" ಎಂದೆ.

"ಒಳ್ಳೇದಾಗ್ಲಿ ಆ ತಾಯಿಗೆ. ನಮ್ಮ ಮನೆಯವ್ರು ಅದನ್ನ ಕೇಳಿ ನಿನ್ನೆ ಗೊರಕೆ ಹೊಡ್ಕೊಂಡು ಮಲಗಿದ್ರು."

ಎದೆ ಉಬ್ಬಿತು. ಸುಳ್ಳು ಯಾಕೆ ಹೇಳಲಿ.

ರಾತ್ರಿ ಎಂಟಕ್ಕೆ ಬೆಂಚು ಖಾಲಿ ಮಾಡಿಸುತ್ತಾರೆ. ಮೇಲೆ ಮಗಳ ಮಂಚದ ಪಕ್ಕ ಚಾಪೆ ಹಾಸಿಕೊಂಡೆ. ಅವಳು ಮತ್ತೆ ನಂಬರಿನ ಮಾತೇ ತೆಗೆದಳು. "ಒಂದೇ ನಂಬರ್ ಮೇಲೆ ನಿಂತ್ಬಿಟ್ರೆ ನಂಗೆ ಹೇಳು. ನಂಗೊಬ್ಬಳಿಗೇ ಹೇಳು."

"ನಿಂತ್ರೆ ಒಳ್ಳೇದಲ್ವೇನೇ? ತೊಂಬತ್ತಾರರ ಮೇಲೆ ಗಟ್ಟಿಯಾಗಿ ನಿಲ್ಲಲಿ ಅಂತ್ಲೇ ಬೇಡ್ಕೋತಿದ್ದೀನಿ."

"ಹಾಗೆ ಬೇಡ್ಕೋಬೇಡ ಅಮ್ಮ" ಎಂದಳು. ಬೇಡಿಕೊಳ್ಳಬೇಡ ಎಂದು ನನಗೆ ಇವಳು ಯಾವತ್ತೂ ಹೇಳಿದವಳಲ್ಲ.

ಮಾರ್ಚ್ ೬, ಗುರುವಾರ

ಬರೆಯಬಾರದು ಎಂದಿದ್ದೆ. ಆದರೆ ಹೇಳುವ ಹಾಗಿಲ್ಲ, ಇನ್ನೆಲ್ಲಿ ಇಡಲಿ?

ಮಧ್ಯಾಹ್ನ ಪಕ್ಕದ ಮಂಚದವರು ಸ್ನಾನಕ್ಕೆ ಹೋದಾಗ ಮಗಳು ನನ್ನ ಕೈ ಹಿಡಿದಳು. "ಯಾರಿಗೂ ಹೇಳಲ್ಲ ಅಂತ ದೇವರ ಮೇಲೆ ಆಣೆ ಮಾಡು."

"ಏನು ಅಂತ ಮೊದ್ಲು ಹೇಳು."

"ಆಣೆ ಮೊದ್ಲು."

ನಾನು ದೇವರ ಹೆಸರನ್ನು ಸುಮ್ಮಸುಮ್ಮನೆ ಎಳೆದು ತರುವವಳಲ್ಲ. ಆದರೆ ಅವಳು ಹೊಟ್ಟೆ ಹಿಡಿದುಕೊಂಡು ಏಳಲು ನೋಡಿದಳು, ಹೊಲಿಗೆ ಬಿಚ್ಚೀತೆಂದು ಹೆದರಿ ಆಣೆ ಮಾಡಿದೆ. ಏನೆಂದು ಕೇಳದೆ ಮಾಡಿದೆ. ಆಮೇಲೆ ಹೇಳಿದಳು. ನನಗೆ ತಿಳಿದಷ್ಟು ಬರೆಯುತ್ತೇನೆ.

ಪ್ರೋಗ್ರಾಂ ಓಡುವಾಗ ಎಡವಟ್ಟಾಗುತ್ತದೆ. ಅದಕ್ಕೆ ಇವರು ಎಕ್ಸೆಪ್ಶನ್ ಎನ್ನುತ್ತಾರೆ. ಎಲ್ಲಿ ಎಡವಟ್ಟಾಗಬಹುದೋ ಆ ಜಾಗಕ್ಕೆ ಟ್ರೈ ಎಂದು ಬರೆದು, ಅದರ ಕೆಳಗೆ ಕ್ಯಾಚ್ ಎಂದು ಬರೆಯುತ್ತಾರೆ. ಬಿದ್ದದ್ದನ್ನು ಹಿಡಿಯಲಿಕ್ಕೆ.

"ನಾನು ಅಟ್ಟದಿಂದ ಡಬ್ಬ ಇಳಿಸೋವಾಗ ನೀನು ಕೆಳಗೆ ಕೈ ಒಡ್ಡಿ ನಿಲ್ತೀಯಲ್ಲ, ಹಾಗೆ" ಎಂದಳು.

"ಸರಿ, ಹಿಡಿ ಮತ್ತೆ. ಏನು ಕಷ್ಟ?"

"ಇದು ನೆಟ್‌ವರ್ಕ್ ಅಮ್ಮ. ಒಂದು ಪೆಟ್ಟಿಗೆ ಹತ್ರ ನಂಬರ್ ಕೊಡು ಅಂತ ಕೇಳಿ ಅಲ್ಲೇ ಕಾಯ್ತಾ ನಿಂತ್ರೆ ಉಳಿದ ಐದನ್ನ ಕೇಳೋರಿಲ್ಲ. ಅದಕ್ಕೆ ಕೇಳಿಟ್ಟು ಮುಂದೆ ಹೋಗ್ತೀವಿ. ಉತ್ತರ ಅದರ ಪಾಡಿಗೆ ಆಮೇಲೆ ಬರುತ್ತೆ. ನಾನು ಟ್ರೈ ಕ್ಯಾಚ್ ಹಾಕಿರೋದು ಕೇಳೋ ಜಾಗಕ್ಕೆ. ಎಡವಟ್ಟಾಗ್ತಿರೋದು ಉತ್ತರ ಬರೋ ಜಾಗದಲ್ಲಿ. ಅಷ್ಟು ಹೊತ್ತಿಗೆ ಕೈ ಒಡ್ಡಿ ನಿಂತೋಳು ಅಡುಗೆಮನೆಗೆ ಹೋಗಿ ಆಗಿರುತ್ತೆ."

"ಡಬ್ಬ ಬಿತ್ತು."

"ಬಿತ್ತು. ಮೊದ್ಲು ಹೀಗೆ ಬಿದ್ದಾಗೆಲ್ಲ ಪ್ರೋಗ್ರಾಂ ನಿಂತು ಸ್ಕ್ರೀನ್ ಕಪ್ಪಾಗಿಬಿಡೋದು. ಡಾಕ್ಟರುಗಳ ಎದುರಲ್ಲೇ ಹಾಗಾಯ್ತು. ಮ್ಯಾನೇಜರ್ ಮುಖ ನೋಡಬೇಕಿತ್ತು ನೀನು. 'ಏನಾದ್ರೂ ಮಾಡ್ಕೋ, ಸ್ಕ್ರೀನ್ ಕಪ್ಪಾಗಕೂಡದು' ಅಂದ್ರು. ಎಲ್ಲಕ್ಕಿಂತ ಕೆಳಗೆ ಒಂದು ಬಲೆ ಕಟ್ಟಿದೆ. ತಪ್ಪಿಸಿಕೊಂಡು ಬಿದ್ದದ್ದೆಲ್ಲ ಅದಕ್ಕೆ ಬೀಳುತ್ತೆ. ಸದ್ದಿಲ್ಲ, ಸುದ್ದಿಯಿಲ್ಲ. ಸ್ಕ್ರೀನ್ ಕಪ್ಪಾಗಲ್ಲ."

"ಮತ್ತೆ ಸ್ಕ್ರೀನಲ್ಲಿ ಏನಿರುತ್ತೆ?"

"ಕೊನೇಲಿ ಬಂದಿತ್ತಲ್ಲ, ಅದೇ ನಂಬರ್. ಹಸಿರಾಗೇ ಇರುತ್ತೆ."

ಅಪರೂಪಕ್ಕೆ ಆಗುವುದಂತೆ. ಯಾಕೆ, ಯಾವಾಗ ಎಂದು ಅವಳಿಗೂ ಗೊತ್ತಿಲ್ಲವಂತೆ. ಆಮೇಲೆ ಸರಿ ಮಾಡೋಣ ಎಂದುಕೊಂಡಿದ್ದಳು, ಅಷ್ಟರಲ್ಲಿ ರಕ್ತದೊತ್ತಡ ಏರಿ ಮಲಗಿಸಿಬಿಟ್ಟರು. ಆಸ್ಪತ್ರೆಯವರು ಇನ್ನೂ ಮೂರು ವಾರ್ಡಿಗೆ ಇದನ್ನೇ ಹಾಕಿಸುವವರಿದ್ದಾರೆ, ಈಗ ಬಾಯಿ ಬಿಡಬೇಡ ಎಂದು ಮ್ಯಾನೇಜರ್ ಕಟ್ಟುನಿಟ್ಟಾಗಿ ಹೇಳಿದ್ದಾರೆ. ಹೇಳಿದರೆ ಕೆಲಸ ಹೋಗುತ್ತದೆ, ಅದಕ್ಕಿಂತ, "ನನ್ನ ಹೆಸರು ಹೋಗುತ್ತೆ ಅಮ್ಮ. ಇನ್ಯಾರೂ ಕೈಗೆ ಕೆಲಸ ಕೊಡಲ್ಲ."

ದೇವರೇ, ಏನೂ ಆಗದಿರಲಿ. ಏನೂ ಆಗದಿರಲಿ.

ಮಾರ್ಚ್ ೭, ಶುಕ್ರವಾರ

ನಿಂತಿತು.

ನಾಲ್ಕನೇ ಮನೆ. ತೊಂಬತ್ತಾರು, ತೊಂಬತ್ತಾರು, ತೊಂಬತ್ತಾರು. ಮೊದಲು ನನ್ನ ಕಣ್ಣೇ ಸೋತಿದೆ ಎಂದುಕೊಂಡೆ. ಪಕ್ಕದ ಮನೆಗಳಲ್ಲಿ ಸಂಖ್ಯೆ ಕುಣಿಯುತ್ತಿದೆ, ನಮ್ಮದರಲ್ಲಿ ಮಾತ್ರ ಗೋಡೆಗೆ ಹೊಡೆದ ಮೊಳೆಯ ಹಾಗೆ.

ಗಾಜು ಬಡಿದೆ. ಸಿಸ್ಟರ್ ಒಬ್ಬಳು ಬಂದಳು. "ಏನಜ್ಜಿ? ತೊಂಬತ್ತಾರು ಇದೆಯಲ್ಲ, ಇನ್ನೆಷ್ಟು ಬೇಕು ನಿಮ್ಗೆ, ನೂರಾಹತ್ತಾ?"

"ಒಂದು ಸಲ ಒಳಗೆ ಹೋಗಿ ನೋಡಮ್ಮ, ನಿನ್ನ ಕಾಲಿಗೆ ಬೀಳ್ತೀನಿ" ಎಂದೆ. ಕಾಲಿಗೆ ಬೀಳುತ್ತೇನೆಂದದ್ದಕ್ಕೆ ಗಾಬರಿಯಾಗಿ ಹೋದಳು. ಅವಳು ಒಳಗಿದ್ದಷ್ಟು ಹೊತ್ತು ನನ್ನ ಬಾಯಲ್ಲಿ ದೇವರ ಹೆಸರೂ ಹೊರಳಲಿಲ್ಲ. ಪಟ್ಟಿ ಜಾರಿತ್ತಂತೆ, ಅಷ್ಟೇ. ಕೂಸು ಕೆಂಪಗೆ ಚೆನ್ನಾಗಿದೆ. ಕಟ್ಟಿದ ಮೇಲೆ ಸಂಖ್ಯೆ ಮತ್ತೆ ಕುಣಿಯಿತು.

ಮಗಳಿಗೆ ಹೇಳಿದೆ. ತಿರುಗಿ ಕೇಳಿದಳು, "ಪಟ್ಟಿ ಜಾರಿತ್ತು. ಆದ್ರೂ ತೊಂಬತ್ತಾರೇ ಇತ್ತಾ?"

"ಅದೇ ಇತ್ತು."

"ನನ್ನ ಲ್ಯಾಪ್‌ಟಾಪ್ ತಂದ್ಕೊಡು."

ಮಾರ್ಚ್ ೮, ಶನಿವಾರ

ಲ್ಯಾಪ್‌ಟಾಪನ್ನು ನೈಟಿಗಳ ಕೆಳಗೆ ಮುಚ್ಚಿಟ್ಟು ತಂದೆ. ಮೀಸೆ ಪಾಸ್ ಕೇಳಿದ, ಚೀಲ ಬಿಚ್ಚಿಸಲಿಲ್ಲ. ಅವಳು ಹೊದಿಕೆಯನ್ನು ಗುಡಾರ ಮಾಡಿಕೊಂಡು ಅದರೊಳಗೆ ಕೂತಳು. ಡಾಕ್ಟರು ಬಂದಾಗ ಮಲಗಿದ ಹಾಗೆ ಮಾಡಿದಳು. ಶಾಲೆಯಲ್ಲಿ ಕಥೆಪುಸ್ತಕ ಓದುತ್ತಿದ್ದದ್ದೂ ಹೀಗೇ. ಆಗ ನಾನು ಬೈಯುತ್ತಿದ್ದೆ.

"ಸಿಕ್ತಮ್ಮ" ಎಂದಳು. ಸಿಕ್ಕವರ ಮುಖ ಅಲ್ಲ ಅದು.

"ಪಟ್ಟಿಗೆ ನಾಡಿ ಸಿಗದೇ ಹೋದ್ರೆ ಅದು ನಂಬರ್ ಕಳಿಸಲ್ಲ. ಖಾಲಿ ಕಳಿಸುತ್ತೆ. ಬರೋದೆಲ್ಲ ನಂಬರೇ ಅಂತ ನಾನು ಬರೆದಿದ್ದೀನಿ. ಆ ಖಾಲಿನ ನಂಬರ್ ಮಾಡೋಕೆ ಹೋಗಿ ಎಡವುತ್ತೆ. ಅಲ್ಲಿ ಹಿಡಿಯೋರು ಯಾರೂ ಇಲ್ಲ. ಸೀದಾ ಹೋಗಿ ಬಲೆಗೆ ಬೀಳುತ್ತೆ."

"ಪಟ್ಟಿ ಜಾರಿದಾಗ ತಾನೇ? ಬಿಗಿಯಾಗಿ ಕಟ್ಟೋಕೆ ಹೇಳ್ತೀನಿ ಬಿಡು."

ಅವಳು ನನ್ನನ್ನು ನೋಡಲಿಲ್ಲ. "ಇಷ್ಟು ಎಳೇ ಮಕ್ಕಳು ಒಮ್ಮೊಮ್ಮೆ ಉಸಿರಾಡೋದು ಮರೆತುಬಿಡ್ತಾವಂತೆ. ನಂಬರ್ ಇಳೀತಾ ಇಳೀತಾ ಬಂದ್ರೆ ಸ್ಕ್ರೀನ್ ಕೂಗುತ್ತೆ. ಒಂದೇ ಸಲಕ್ಕೆ ಮೈ ತಣ್ಣಗಾದ್ರೆ ಕಾಲಲ್ಲಿ ನಾಡಿ ಸಿಗಲ್ಲ. ಆಗ್ಲೂ ಖಾಲಿನೇ ಬರೋದು."

"ಆಗ ಸ್ಕ್ರೀನಲ್ಲಿ?"

"ತೊಂಬತ್ತಾರು."

ಮಂಚದ ಅಂಚು ಹಿಡಿದು ಕೂತೆ. ನಾನು ಐದು ದಿನದಿಂದ ಕೈಮುಗಿದು ಕೂತದ್ದು ಯಾವುದರ ಎದುರಿಗೆ?

ಅವಳೇ ಮ್ಯಾನೇಜರಿಗೆ ಫೋನ್ ಮಾಡಿದಳು. ಆಸ್ಪತ್ರೆಯ ಮಷಿನಿನೊಳಗೆ ಹೋಗುವ ಬಾಗಿಲು ಅವರ ಕೈಯಲ್ಲಿದೆಯಂತೆ, ಅವರು ತೆರೆಯದೆ ಇವಳು ಏನೂ ಮಾಡುವ ಹಾಗಿಲ್ಲ. ಅವರು ಸೋಮವಾರ ಬಂದು ಸದ್ದಿಲ್ಲದೆ ಸರಿ ಮಾಡಿಸೋಣ ಎಂದರು. ಅಲ್ಲಿಯವರೆಗೆ ತುಟಿ ಪಿಟಿಕ್ಕೆನ್ನಬೇಡ ಎಂದರು.

"ಸೋಮವಾರದ ತನಕ ನೀನು ನಮ್ಮ ಮಗೂನ ನೋಡ್ಕೋ ಅಮ್ಮ. ನಾಲ್ಕನೇದರ ಮೇಲೆ ಕಣ್ಣಿಟ್ಟಿರು. ಅಷ್ಟು ಸಾಕು."

"ಉಳಿದ ಐದು?"

ಗೋಡೆಯ ಕಡೆ ತಿರುಗಿದಳು.

ಎಂಟಕ್ಕೆ ಮೀಸೆ ಬಂದು "ಏಳಿ ಏಳಿ" ಎಂದ. ಎದ್ದೆ. ಅವಳಿ ಮಕ್ಕಳ ತಾಯಿ ಸ್ಕ್ರೀನಿನ ಕಡೆ ನೋಡಿ, ಎರಡು ಮನೆಗೂ ಒಂದೊಂದು ಮುತ್ತು ಗಾಳಿಯಲ್ಲಿ ಕೊಟ್ಟು ನನ್ನ ಜೊತೆ ಮೆಟ್ಟಿಲ ತನಕ ಬಂದಳು. ಹೇಳಲಿಲ್ಲ. ಆಣೆ ಬಾಯಿಗೆ ಬೀಗದ ಹಾಗೆ ಬಿದ್ದಿದೆ.

ಮಾರ್ಚ್ ೯, ಭಾನುವಾರ

ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತಿದ್ದೆ. ಆರೂ ಕೂಸು ಇದ್ದವು. ಇದ್ದವು ಎಂದು ಬರೆಯುವಾಗ ಪೆನ್ನು ಜಾರುತ್ತದೆ.

ಇಡೀ ದಿನ ಆರು ಮನೆ ನೋಡಿದೆ. ಒಂದನ್ನು ನೋಡುವಾಗ ಇನ್ನೊಂದು ನಿಂತಿರುತ್ತದೆ ಎಂದು ಭಯ. ನೀರು ಕುಡಿಯಲಿಲ್ಲ, ಎದ್ದು ಹೋಗಬೇಕಾಗುತ್ತದಲ್ಲ. ಮಧ್ಯಾಹ್ನ ತಡೆಯಲಾರದೆ ಬಣ್ಣದವನಿಗೆ "ಸ್ವಲ್ಪ ಸ್ಕ್ರೀನ್ ನೋಡ್ತಿರಪ್ಪ" ಎಂದು ಹೋಗಿ ಬಂದೆ. ಬಂದರೆ ಅವನು ಫೋನಿನಲ್ಲಿ ಆಟ ನೋಡುತ್ತಿದ್ದಾನೆ. "ಎಲ್ಲ ಹಸಿರು ಇದೆ ತಾಯಿ, ಯಾಕೆ ಒದ್ದಾಡ್ತೀರಿ?" ಎಂದ. ಅವನ ಮೇಲೆ ಸಿಟ್ಟು ಮಾಡಲು ನನಗೆ ಬಾಯಿಯಿದೆಯೇ? ನಿಶ್ಚಿಂತೆ ಕೊಟ್ಟವಳು ನಾನೇ.

ದೇವರೇ, ನಿನ್ನ ಹೆಸರು ಹಿಡಿದು ಮಾತು ಕೊಟ್ಟಿದ್ದೇನೆ. ಮುರಿದರೆ ನಮ್ಮ ಕೂಸಿಗೆ ತಟ್ಟುತ್ತದೆ. ಮುರಿಯದಿದ್ದರೆ ಯಾವ ಕೂಸಿಗೆ ತಟ್ಟುತ್ತದೋ ನಿನಗೇ ಗೊತ್ತು. ಎಷ್ಟು ಸಲ ಕೇಳಿದೆ, ನೀನು ಉತ್ತರ ಕೊಡಲಿಲ್ಲ. ಗಡಿಯಾರ ಮಾತ್ರ ಎಂಟರ ಕಡೆ ಹೋಯಿತು.

"ಏಳಮ್ಮ" ಎಂದ ಮೀಸೆ.

ಏಳಲಿಲ್ಲ. "ಏಳಮ್ಮ, ದಿನಾ ಇದೇ ಆಯ್ತಲ್ಲ ನಿಮ್ದು" ಎಂದ. ಎದ್ದೆ, ಬಾಗಿಲ ಕಡೆ ಹೋಗಲಿಲ್ಲ, ಹೋಗಿ ಗಾಜು ಬಡಿದೆ.

ದೊಡ್ಡ ಸಿಸ್ಟರೇ ಬಂದರು. "ಏನಜ್ಜಿ, ಮತ್ತೆ ನಿಂತ್ಹೋಯ್ತಾ? ನಿಮ್ಮ ದೃಷ್ಟಿ ತಾಗೇ ನಿಲ್ಲೋದು ಅದು."

"ಸಿಸ್ಟರ್, ಆ ಸ್ಕ್ರೀನ್ ನಂಬಬೇಡಿ."

"ಅಂದ್ರೆ?"

"ಮಗು ಉಸಿರು ನಿಲ್ಲಿಸಿದ್ರೂ ಅದು ತೊಂಬತ್ತಾರು ಅಂತ್ಲೇ ತೋರಿಸುತ್ತೆ."

"ಯಾರು ಹೇಳಿದ್ದು ನಿಮ್ಗೆ?"

"ಬರೆದವಳೇ."

ಅವರ ತುಟಿಯ ಮೇಲಿನ ನಗು ಹೋಗುವುದನ್ನೇ ಮರೆತು ಅಲ್ಲೇ ಉಳಿದಿತ್ತು. ಆಮೇಲೆ ತಿರುಗಿ ಕೂಗಿದರು. ಅಷ್ಟು ಮೆತ್ತಗಿನ ಹೆಂಗಸಿಗೆ ಅಂಥ ಗಂಟಲಿದೆ ಎಂದು ಗೊತ್ತಿರಲಿಲ್ಲ. "ಗಂಟೆ ಸದ್ದು ಏರಿಸ್ರೇ! ಆರಕ್ಕೂ! ಒಬ್ಬೊಬ್ಬರ ಮೈ ಮುಟ್ಟಿ ನೋಡಿ, ಈಗ್ಲೇ!" ಯಾರೋ ಒಂದು ಮಂಚದ ಹಾಸಿಗೆ ಬಟ್ಟೆ ತಂದು ಸ್ಕ್ರೀನಿನ ಮೇಲೆ ಎಳೆದರು.

ಆರೂ ಚೆನ್ನಾಗಿದ್ದವು. ಯಾವುದಕ್ಕೂ ಏನೂ ಆಗಿರಲಿಲ್ಲ.

"ಯಾವಾಗಿಂದ ಗೊತ್ತು ನಿಮ್ಗೆ?" ಎಂದು ಕೇಳಿದರು. ಹೇಳಿದೆ. ಅವರು ತಿರುಗಿ ಪೆಟ್ಟಿಗೆಗಳ ಕಡೆ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಆಣೆ ಮುರಿದೆ. ಶಿಕ್ಷೆ ಕೊಡುವುದಾದರೆ ನನಗೆ ಕೊಡು, ಕೂಸಿಗೆ ಬೇಡ.

ಮಾರ್ಚ್ ೧೦, ಸೋಮವಾರ

ಮ್ಯಾನೇಜರು, ಆಸ್ಪತ್ರೆಯ ದೊಡ್ಡವರು, ಎಲ್ಲ ಸೇರಿ ಒಂದು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಾತಾಡಿದರು. ವಿಚಾರಣೆ ಮುಗಿಯುವ ತನಕ ಸ್ಕ್ರೀನನ್ನು ಯಾರೂ ಮುಟ್ಟಕೂಡದಂತೆ. ಬಟ್ಟೆಯ ಕೆಳಗೆ ಅದು ತನ್ನಷ್ಟಕ್ಕೆ ಓಡುತ್ತಿದೆ. ಪೆಟ್ಟಿಗೆಗಳ ಗಂಟೆ ಆಗಾಗ ಕೂಗುತ್ತದೆ, ಆರೂ ಕೂಸು ಅಳುತ್ತವೆ, ಸಿಸ್ಟರುಗಳು ಓಡುತ್ತಾರೆ.

ಅವಳಿ ಮಕ್ಕಳ ತಾಯಿ ಬೆಂಚಿನ ಆ ತುದಿಗೆ ಸರಿದು ಕೂತಳು. ಅವಳ ಗಂಡ ನನ್ನ ಎದುರು ನಿಂತು ಹೇಳಿದ, "ನಾನು ಬಳಿದ ಬಣ್ಣ ಕಿತ್ತುಬಂದ್ರೆ ಗೋಡೆ ಅಷ್ಟೇ ಕೆಡೋದು, ತಾಯಿ." ಅವನು ಹೇಳಿದ್ದರಲ್ಲಿ ತಪ್ಪೇನಿದೆ?

ಮಗಳು: "ಏನೂ ಆಗಿರ್ಲಿಲ್ಲವಲ್ಲಮ್ಮ. ಆರೂ ಚೆನ್ನಾಗೇ ಇದ್ವಲ್ಲ. ಒಂದೇ ಒಂದು ರಾತ್ರಿ ತಡೀಲಿಲ್ವಲ್ಲ ನೀನು."

"ತಡೀಲಿಲ್ಲ."

"ದೇವರು ದೇವರು ಅಂತೀಯ. ಅದೇ ದೇವರ ಮೇಲೆ ಆಣೆ ಮಾಡಿ ನನ್ನ ಕೊರಳು ಕೊಯ್ದೆ."

ಊಟ ಮುಟ್ಟಲಿಲ್ಲ. ನಾನು ತಲೆ ಬಾಚಲು ಹೋದರೆ ಬಾಚಣಿಗೆ ಕಿತ್ತುಕೊಂಡಳು. ಆಮೇಲೆ ಅದನ್ನು ಹಿಡಿದುಕೊಂಡು ಸುಮ್ಮನೆ ಕೂತಿದ್ದಳು.

ಮಾರ್ಚ್ ೧೨, ಬುಧವಾರ

ಇವತ್ತು ಬರೆಯುತ್ತೇನೆ, ಎಲ್ಲವನ್ನೂ.

ಮಗಳನ್ನು ಮೊದಲ ಸಲ ಗಾಲಿಕುರ್ಚಿಯಲ್ಲಿ ಕೂರಿಸಿ ಕೂಸಿನ ಹತ್ತಿರ ಬಿಟ್ಟರು. ನನಗೂ ಒಂದು ಹಸಿರು ನಿಲುವಂಗಿ ತೊಡಿಸಿ ಕುರ್ಚಿ ತಳ್ಳಲು ಬಿಟ್ಟರು. ದಾರಿಯುದ್ದಕ್ಕೂ ಅವಳು ನನ್ನ ಜೊತೆ ಮಾತಾಡಲಿಲ್ಲ. ಪೆಟ್ಟಿಗೆಯ ಪಕ್ಕದ ಕಿಂಡಿಯಲ್ಲಿ ಕೈ ತೂರಿಸಿ ಕೂಸಿನ ಪಾದ ಮುಟ್ಟಿದಳು. ಅದು ಅವಳ ಬೆರಳ ತುದಿಯನ್ನು ಕಾಲ್ಬೆರಳಲ್ಲಿ ಹಿಡಿಯಿತು. ಅವಳು ನಕ್ಕಳು.

ಹಿಡಿದದ್ದು ಸಡಿಲವಾಯಿತು. ನಿದ್ದೆ ಬಂತು ಎಂದುಕೊಂಡೆ. ಬೂದಿ ಬಳಿದ ಹಾಗೆ ತುಟಿಯ ಬಣ್ಣ ಹೋಯಿತು. ಎದೆ ಏರಲಿಲ್ಲ, ಇಳಿಯಲಿಲ್ಲ.

ಪೆಟ್ಟಿಗೆಯ ಗಂಟೆ ಕೂಗಿತು. ದೊಡ್ಡ ಸಿಸ್ಟರ್ ನನ್ನನ್ನು ಪಕ್ಕಕ್ಕೆ ದೂಡಿ ಎರಡು ಬೆರಳಲ್ಲಿ ಬೆನ್ನು ತಿಕ್ಕಿದರು, ಅಂಗಾಲಿಗೆ ತಟ್ಟಿದರು. "ಬಾ ಪುಟ್ಟಿ, ಬಾ, ಬಾ, ಎಲ್ಲಿಗೆ ಹೊರಟೆ? ಬಾ." ನಾನು ದೇವರನ್ನು ಕರೆಯಲಿಲ್ಲ. ಮುರಿದ ಆಣೆ ಈಗ ವಸೂಲಾಗುತ್ತಿದೆ ಎಂದಷ್ಟೇ ತಲೆಯಲ್ಲಿತ್ತು. ಸಿಸ್ಟರ್ ತಿಕ್ಕುತ್ತಲೇ ಇದ್ದರು. ಕೂಸು ಒಮ್ಮೆ ಬಿಕ್ಕಿತು. ಮತ್ತೊಮ್ಮೆ. ಆಮೇಲೆ ಬೆಕ್ಕಿನ ಮರಿಯ ಹಾಗೆ ಅತ್ತಿತು. ಆ ಸದ್ದಿಗೆ ಉಳಿದ ಐದೂ ಅತ್ತವು.

ಮಗಳು ಅಳಲಿಲ್ಲ. ಕುರ್ಚಿಯ ಗಾಲಿಯನ್ನು ತಾನೇ ತಳ್ಳಿಕೊಂಡು ಸಿಸ್ಟರುಗಳ ಕೋಣೆಗೆ ಹೋದಳು. ಹೊಲಿಗೆಯ ಹೊಟ್ಟೆಯಲ್ಲಿ ಕೈ ಎತ್ತಿ ಸ್ಕ್ರೀನಿನ ಬಟ್ಟೆಯನ್ನು ಎಳೆದಳು. ಪಟ್ಟಿಗೆ ಇನ್ನೂ ನಾಡಿ ಸಿಕ್ಕಿರಲಿಲ್ಲ.

ನಾಲ್ಕನೇ ಮನೆ. ಹಸಿರು. ತೊಂಬತ್ತೈದು.

ಅವಳ ಹಿಂದೆ ನಿಂತು ನಾನೂ ನೋಡಿದೆ. ಅದರಷ್ಟು ಶಾಂತವಾದ ವಸ್ತುವನ್ನು ನಾನು ಯಾವ ಗುಡಿಯಲ್ಲೂ ನೋಡಿಲ್ಲ. ಅದಕ್ಕಿಂತ ಭಯ ಹುಟ್ಟಿಸುವಂಥದ್ದನ್ನೂ ನೋಡಿಲ್ಲ.

ದೇವರೇ, ಆಗುವುದಿದ್ದರೆ ನಮಗೆ ಗೊತ್ತಾಗುವ ಹಾಗೆ ಆಗಲಿ.

ಮಾರ್ಚ್ ೧೪, ಶುಕ್ರವಾರ

ಆಫೀಸಿನವರು ಮಗಳಿಗೆ ಸದ್ಯಕ್ಕೆ ಬರಬೇಡ ಎಂದಿದ್ದಾರೆ. ಆಸ್ಪತ್ರೆಯವರು, ಬರೆದವಳೇ ಬಿಚ್ಚಿ ತೋರಿಸಲಿ ಎಂದು ಕೂರಿಸಿದರು. ಸಿಸ್ಟರುಗಳ ಮೇಜಿನಲ್ಲಿ, ಬೆನ್ನಿಗೆ ಎರಡು ದಿಂಬು. ಮ್ಯಾನೇಜರು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. ಅವರ ಅಂಗಿಯ ಕಂಕುಳು ಒದ್ದೆಯಾಗಿತ್ತು. ಅವರಿಗೂ ಎಳೆಮಕ್ಕಳಿರಬಹುದು.

ಅವಳು ಮಾಡಿದ್ದನ್ನು ದೊಡ್ಡ ಸಿಸ್ಟರಿಗೆ ಹೇಳುವಾಗ ಕೇಳಿಸಿಕೊಂಡೆ. ಉತ್ತರ ಬರುವ ಜಾಗದಲ್ಲೇ ಈಗ ಹಿಡಿಯುವ ಕೈ ಇಟ್ಟಿದ್ದಾಳೆ. ಖಾಲಿ ಬಂದರೆ ಆ ಮನೆಯಲ್ಲಿ ಹಳೆಯ ಸಂಖ್ಯೆ ಅಳಿಸಿ ಕೆಂಪಾಗುತ್ತದೆ, ಕೂಗುತ್ತದೆ. ಉತ್ತರವೇ ಬಾರದೆ ಹೋದರೂ ಹಾಗೆಯೇ. "ಕೆಳಗಿನ ಬಲೆ ತೆಗೆದ್ಬಿಟ್ಯಾ?" ಎಂದು ಮ್ಯಾನೇಜರು ಕೇಳಿದರು.

"ತೆಗೆದಿಲ್ಲ. ನನಗೆ ತೋಚದೇ ಇರೋದು ಇನ್ನೂ ಎಷ್ಟಿದೆಯೋ. ಬಲೆಗೆ ಏನೇ ಬಿದ್ರೂ ಏನು ಬಿತ್ತು ಅಂತ ಬರೆದಿಟ್ಟು, ಗಂಟೆ ಹೊಡೆದು, ಸ್ಕ್ರೀನ್ ಕಪ್ಪು ಮಾಡಿ ಪೂರ್ತಿ ನಿಲ್ಲುತ್ತೆ. ಆಮೇಲೆ ಹೊಸದಾಗಿ ಶುರುವಾಗುತ್ತೆ."

"ಎಲ್ಲರೆದುರಿಗೆ ಕಪ್ಪಾಗುತ್ತಲ್ಲಮ್ಮ!"

"ಆಗ್ಲಿ ಸರ್. ಗೊತ್ತಿಲ್ಲ ಅನ್ನೋವಾಗ ಗೊತ್ತಿಲ್ಲ ಅಂತ್ಲೇ ತೋರಿಸ್ಲಿ."

ಪರೀಕ್ಷೆಗೆಂದು ಸಿಸ್ಟರ್ ನಮ್ಮ ಕೂಸಿನ ಪಟ್ಟಿಯನ್ನು ಬಿಚ್ಚಿದರು. ನಾಲ್ಕನೇ ಮನೆ ಕೆಂಪಾಗಿ ಕೂಗಿತು. ಆಮೇಲೆ ಮಗಳು ಬೇಕೆಂದೇ ತಪ್ಪು ಕಳಿಸಿದಳು. ಸ್ಕ್ರೀನೆಲ್ಲ ಕಪ್ಪಾಗಿ ಗಂಟೆ ಹೊಡೆಯಿತು. ಪರೀಕ್ಷೆ ಎಂದು ಗೊತ್ತಿದ್ದೂ ನಾನು ಪಕ್ಕ ನಿಂತಿದ್ದ ಬಣ್ಣದವನ ತೋಳು ಹಿಡಿದೆ. ಅವನೂ ಕೊಸರಿಕೊಳ್ಳಲಿಲ್ಲ. ಮೀಸೆ ಬಾಗಿಲು ಬಿಟ್ಟು ಓಡಿ ಬಂದ. ಸಿಸ್ಟರುಗಳು ಆಗಲೇ ಪೆಟ್ಟಿಗೆಗಳ ಪಕ್ಕ ಇದ್ದರು.

ಪೆಟ್ಟಿಗೆಗಳ ಸದ್ದನ್ನೂ ಇನ್ನು ತಗ್ಗಿಸುವುದಿಲ್ಲವಂತೆ. ಮಕ್ಕಳು ಅತ್ತರೆ ಅಳಲಿ ಎಂದರು ದೊಡ್ಡ ಸಿಸ್ಟರ್.

ಮಗಳು ಕೆಲಸದ ಮಾತು ಬಿಟ್ಟು ನನ್ನ ಜೊತೆ ಬೇರೇನೂ ಆಡಲಿಲ್ಲ. "ದಿಂಬು ಮೇಲೆ ಮಾಡು" ಎಂದಳು. ಮಾಡಿದೆ.

ಮಾರ್ಚ್ ೨೯, ಶನಿವಾರ

ನಡುವೆ ಬರೆಯಲಾಗಲಿಲ್ಲ. ಕೂಸು ದಿನಕ್ಕಿಷ್ಟು ತೂಕ ಏರಿಸಿಕೊಂಡು, ತಾನೇ ಹಾಲು ಎಳೆಯುವುದನ್ನು ಕಲಿತು, ಉಸಿರು ಮರೆಯುವುದನ್ನು ಬಿಟ್ಟಿದೆ ಎಂದು ಡಾಕ್ಟರು ಹೇಳಿದ ಮೇಲೆ ಇವತ್ತು ಮನೆಗೆ ಬಂದೆವು. ನನ್ನ ಹೊಲಿಗೆ ಮಷಿನನ್ನು ಕಿಟಕಿಯಿಂದ ಸರಿಸಿ ತೊಟ್ಟಿಲಿಗೆ ಜಾಗ ಮಾಡಿದ್ದೇವೆ. ಮಗಳ ಕೆಲಸದ ಮಾತು ಇನ್ನೂ ತೀರ್ಮಾನವಾಗಿಲ್ಲ. ಹೋದರೂ ಹೋಗಬಹುದು.

ಮನೆಗೆ ಬಂದ ಕೂಡಲೇ ಭಯ ಇಳಿಯುತ್ತದೆ ಎಂದುಕೊಂಡಿದ್ದೆ. ಇಳಿದಿಲ್ಲ. ಇಲ್ಲಿ ಪಟ್ಟಿಯಿಲ್ಲ, ಗಂಟೆಯಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಕೂಸು ತೊಟ್ಟಿಲಲ್ಲಿ ಅಂಗೈಯಷ್ಟು ಎದೆ ಏರಿಸಿ ಇಳಿಸಿ ಮಲಗಿದೆ. ನಾವಿಬ್ಬರೂ ಆ ಕಡೆ ಒಬ್ಬಳು, ಈ ಕಡೆ ಒಬ್ಬಳು ಕೂತು ಅದನ್ನೇ ನೋಡುತ್ತಿದ್ದೆವು. ಕಣ್ಣು ಮಿಟುಕಿಸಲೂ ಸರದಿ ಕಾಯುವವರ ಹಾಗೆ. ಮಗಳ ಕಣ್ಣಿನ ಕೆಳಗೆ ಮಸಿ ಬಳಿದ ಹಾಗಾಗಿದೆ. ಆಸ್ಪತ್ರೆಯಲ್ಲಿ ಅವಳು ಸರಿಯಾಗಿ ಮಲಗಿದ್ದನ್ನು ನಾನು ಕಂಡಿಲ್ಲ.

"ಅಮ್ಮ" ಎಂದಳು. "ನಂಗೆ ತುಂಬಾ ಭಯ ಆಗ್ತಿದೆ."

"ನಂಗೂ ಆಗ್ತಿದೆ ಕಣೇ" ಎಂದೆ.

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಎಷ್ಟೋ ದಿನಕ್ಕೆ ನೇರವಾಗಿ ನೋಡಿದ್ದು. ಆಮೇಲೆ ತೊಟ್ಟಿಲ ಪಕ್ಕ ನೆಲದ ಮೇಲೆ ಮೆಲ್ಲಗೆ ಒರಗಿದಳು, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು. "ಸ್ವಲ್ಪ ಹೊತ್ತು ನೀನು ನೋಡ್ತೀಯಾ?"

"ನೋಡ್ತೀನಿ. ಏನಾದ್ರೂ ಅನ್ನಿಸಿದ್ರೆ ಎಬ್ಬಿಸ್ತೀನಿ."

"ಸುಮ್ನೆ ಅನ್ನಿಸಿದ್ರೂ?"

"ಸುಮ್ನೆ ಅನ್ನಿಸಿದ್ರೂ ಎಬ್ಬಿಸ್ತೀನಿ. ಬೈಕೋಬೇಡ ಮತ್ತೆ."

"ಬೈತೀನಿ. ಆದ್ರೂ ಎಬ್ಬಿಸು" ಎಂದಳು. ಮಾತು ಮುಗಿಯುವ ಮೊದಲೇ ನಿದ್ದೆ ಹೋದಳು, ಬಾಯಿ ಸ್ವಲ್ಪ ತೆರೆದುಕೊಂಡು.

ಒಂದು ಕೈ ಕೂಸಿನ ಎದೆಯ ಮೇಲಿದೆ, ಇನ್ನೊಂದರಲ್ಲಿ ಬರೆಯುತ್ತಿದ್ದೇನೆ. ಈಗ ಅದು ಸಣ್ಣಗೆ ಮುಲುಗಿ ಮುಖ ಆ ಕಡೆ ಹೊರಳಿಸಿತು. ಪೆನ್ನು ಕೆಳಗಿಡುತ್ತೇನೆ, ನೋಡಬೇಕು.